ಕಲಬುರಗಿ ಬಿಸಿಲಲ್ಲಿ ಓವರ್‌ಕ್ಲಾಕ್: ಪ್ರೊಸೆಸರ್ ಕಾದರೆ ಎಲ್ಲಿಂದ ಶುರು ಮಾಡಬೇಕು?

ಡಿಸೆಂಬರ್‌ನಲ್ಲಿ ಓವರ್‌ಕ್ಲಾಕ್ ಮಾಡಿದಾಗ, ಅಂದರೆ ಪ್ರೊಸೆಸರನ್ನು ಕಂಪನಿ ಕೊಟ್ಟ ವೇಗಕ್ಕಿಂತ ಜೋರಾಗಿ ಓಡಿಸಿದಾಗ, ಎಲ್ಲ ಸರಿ ಇತ್ತು. ಏಪ್ರಿಲ್ ಬಂತು, ಗೇಮ್ ತಡೆತಡೆದು ಓಡುತ್ತಿದೆ, ಫ್ಯಾನ್ ಒಂದೇ ಸಮನೆ ಕೂಗುತ್ತಿದೆ. ನಮ್ಮ ಕಡೆ ಮನೆಯಲ್ಲೇ ಕಂಪ್ಯೂಟರ್ ಜೋಡಿಸಿಕೊಂಡವರು ಯಾರನ್ನು ಕೇಳಿದರೂ ಹೆಚ್ಚುಕಮ್ಮಿ ಇದೇ ಕಥೆ. ದೊಡ್ಡ ಹೀಟ್‌ಸಿಂಕ್ (ಪ್ರೊಸೆಸರ್ ಚಿಪ್ಪಿನ ಶಾಖ ಹೀರುವ ಲೋಹದ ಭಾಗ) ತರಲು ಅಂಗಡಿಗೆ ಓಡಬೇಡಿ, ತಡೀರಿ. ಮೊದಲು ಒಂದು ಸಣ್ಣ ಲೆಕ್ಕ ಇದೆ.

ಹೀಟ್‌ಸಿಂಕ್ ಇರಲಿ, ಲಿಕ್ವಿಡ್ ಕೂಲರ್ ಇರಲಿ, ಯಾವುದೂ ಚಿಪ್ಪನ್ನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಹಾಗಾಗಿ ಚಿಪ್ಪಿನ ಉಷ್ಣತೆಯಿಂದ ಕೋಣೆಯ ಉಷ್ಣತೆ ಕಳೆಯಿರಿ. ಉಳಿಯುವ ಅಂತರವೇ ನಿಮ್ಮ ಸೆಟಪ್‌ನ ನಿಜವಾದ ಅಂಕ. ಚಳಿಗಾಲದಲ್ಲಿ ಕೋಣೆ 22, ಚಿಪ್ 82 ಇತ್ತು ಅಂದುಕೊಳ್ಳಿ, ಅಂತರ 60. ಮೇ ತಿಂಗಳಲ್ಲಿ ಹೊರಗೆ 42, ಒಳಗೆ 38 ಇದ್ದರೆ ಅದೇ ಚಿಪ್ 98ರ ಹತ್ತಿರ ಹೋಗುತ್ತದೆ. ಏನೂ ಕೆಟ್ಟಿಲ್ಲ, ಬೇಸಿಗೆ ಬಂದಿದೆ ಅಷ್ಟೇ. ಅಂತರವೇ ಜಾಸ್ತಿಯಾಗಿದ್ದರೆ ಮಾತ್ರ ಎಲ್ಲೋ ದೋಷ ಇದೆ.

ಈಗ ಅಳತೆ. ಉಷ್ಣತೆ ತೋರಿಸುವ ಎಚ್‌ಡಬ್ಲ್ಯೂ ಇನ್ಫೊ ತಂತ್ರಾಂಶ ತೆರೆದಿಟ್ಟು, ಚಿಪ್ಪಿಗೆ ಪೂರ್ತಿ ಕೆಲಸ ಕೊಡುವ ಸಿನಿಬೆಂಚ್ ಆರ್‌23ರ ಹತ್ತು ನಿಮಿಷದ ಪರೀಕ್ಷೆ ಓಡಿಸಿ. ಪ್ರೈಮ್95 ತಂತ್ರಾಂಶದ ಸ್ಮಾಲ್ ಎಫ್‌ಎಫ್‌ಟಿ ಅನ್ನುವ ಕಠಿಣ ಪರೀಕ್ಷೆ ಬೇಕಾಗಿಲ್ಲ, ಅಷ್ಟು ಬಿಸಿ ಯಾವ ಗೇಮೂ ಮಾಡುವುದಿಲ್ಲ, ಅದನ್ನು ನೋಡಿ ಸುಮ್ನೆ ಹೆದರುತ್ತೀರಿ. ಇಂಟೆಲ್‌ನ ಬಹಳಷ್ಟು ಕೋರ್ ಚಿಪ್‌ಗಳ ಮಿತಿ 100 ಡಿಗ್ರಿ. ಎಎಂಡಿ ಕಂಪನಿಯ ರೈಜನ್ 7000 ಸಾಲಿನ ಬಹುತೇಕ ಚಿಪ್‌ಗಳದು 95, ಅವು ಪೂರ್ತಿ ಕೆಲಸದಲ್ಲಿ ಆ ಮಿತಿವರೆಗೆ ಹೋಗುವಂತೆಯೇ ಮಾಡಿರುವಂಥವು. ಮಿತಿ ಮುಟ್ಟಿದ ಮೇಲೆ ಚಿಪ್ ತಾನೇ ವೇಗ ಇಳಿಸುತ್ತದೆ. ಅಂದರೆ ಓವರ್‌ಕ್ಲಾಕ್ ಮಾಡಿದ್ದೂ ಒಂದೇ, ಬಿಟ್ಟಿದ್ದೂ ಒಂದೇ.

ಉಷ್ಣತೆ ಏರುವ ರೀತಿಯನ್ನು ಕಣ್ಣಿಟ್ಟು ನೋಡಿ, ಅರ್ಧ ಉತ್ತರ ಅಲ್ಲೇ ಇರುತ್ತದೆ. ಪರೀಕ್ಷೆ ಶುರುವಾದ ಎರಡು ಮೂರು ಸೆಕೆಂಡಿಗೇ 95ಕ್ಕೆ ಹಾರಿದರೆ ಶಾಖ ಚಿಪ್ಪಿನಿಂದ ಹೀಟ್‌ಸಿಂಕ್‌ಗೆ ದಾಟುತ್ತಿಲ್ಲ, ಇಲ್ಲವೇ ವೋಲ್ಟೇಜ್ ವಿಪರೀತ ಇದೆ. ಮೆಲ್ಲಗೆ ಹತ್ತು ನಿಮಿಷ ಏರುತ್ತಲೇ ಹೋದರೆ ಬಿಸಿ ಗಾಳಿ ಕ್ಯಾಬಿನೆಟ್‌ನಿಂದ ಹೊರಗೆ ಹೋಗುತ್ತಿಲ್ಲ.

ಎರಡನೆಯದನ್ನು ಪಕ್ಕಾ ಮಾಡಿಕೊಳ್ಳುವುದು ಸುಲಭ. ಪಕ್ಕದ ಮುಚ್ಚಳ ತೆಗೆದು ಮತ್ತೆ ಓಡಿಸಿ. ಐದಾರು ಡಿಗ್ರಿ ಇಳಿಯಿತಾ? ಹಾಗಾದರೆ ಹೀಟ್‌ಸಿಂಕ್ ತಪ್ಪಿಲ್ಲ. ಮುಂದಿನ ಫ್ಯಾನ್ ಗಾಳಿ ಎಳೆಯಬೇಕು, ಹಿಂದಿನದು ಹೊರಗೆ ತಳ್ಳಬೇಕು, ಇದು ಉಲ್ಟಾ ಆಗಿರುವ ಕ್ಯಾಬಿನೆಟ್‌ಗಳು ಬೇಕಾದಷ್ಟಿವೆ. ಶಹಾಬಾದ್ ಫರಸಿಯ ಮೇಲೆ ನೇರ ಇಟ್ಟ ಕ್ಯಾಬಿನೆಟ್ ಕಸ ಗುಡಿಸಿದಾಗಲೆಲ್ಲ ಧೂಳು ಎಳೆದುಕೊಳ್ಳುತ್ತದೆ, ಒಂದು ಸ್ಟೂಲ್ ಮೇಲಾದರೂ ಇಡಿ. ಬ್ಲೋವರ್ ಹಿಡಿದು ಧೂಳು ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿಂದ ಹಿಡಿದುಕೊಳ್ಳಿ. ರೂಮ್ ಕೂಲರ್ ಇದ್ದರೆ ನಮ್ಮ ಒಣ ಸೆಕೆಯಲ್ಲಿ ಒಳ್ಳೆಯ ಕೆಲಸ ಕೊಡುತ್ತದೆ, ಕೋಣೆ ಎಷ್ಟು ಡಿಗ್ರಿ ಇಳಿಯುತ್ತದೋ ಚಿಪ್ಪೂ ಹೆಚ್ಚುಕಮ್ಮಿ ಅಷ್ಟೇ ಇಳಿಯುತ್ತದೆ. ಆದರೆ ಅದರ ಮುಖ ಕಂಪ್ಯೂಟರ್ ಕಡೆ ತಿರುಗಿಸಬೇಡಿ, ನೀರಿನ ಹನಿ ಹಾರುತ್ತದೆ. ಕಿಟಕಿಯೂ ತೆರೆದಿರಲಿ.

ಸೆಕೆಂಡಿನಲ್ಲಿ ಹಾರುವ ಕೇಸಿಗೆ ಹೀಟ್‌ಸಿಂಕ್ ಬಿಚ್ಚಲೇಬೇಕು. ಬಿಚ್ಚುವ ಮೊದಲು ಕಂಪ್ಯೂಟರ್ ಸ್ವಲ್ಪ ಹೊತ್ತು ಓಡಲಿ, ಚಿಪ್ಪಿನಿಂದ ಹೀಟ್‌ಸಿಂಕ್‌ಗೆ ಶಾಖ ದಾಟಿಸಲು ನಡುವೆ ಹಚ್ಚಿದ ಪೇಸ್ಟ್ ಮೆತ್ತಗಾಗುತ್ತದೆ. ಆಮೇಲೆ ಸ್ವಿಚ್ ಆಫ್ ಮಾಡಿ, ವೈರ್ ಕಿತ್ತು, ಹೀಟ್‌ಸಿಂಕನ್ನು ಅತ್ತಿತ್ತ ತಿರುವಿ ಎತ್ತಿ. ಎಎಂ4 ಸಾಕೆಟ್‌ನ (ಪಿನ್‌ಗಳು ಪ್ರೊಸೆಸರಿನಲ್ಲೇ ಇರುವ) ರೈಜನ್ ಆದರೆ ಇದು ತುಂಬಾ ಮುಖ್ಯ, ಜೋರಾಗಿ ಎಳೆದರೆ ಪ್ರೊಸೆಸರೇ ಸಾಕೆಟ್‌ನಿಂದ ಕಿತ್ತು ಬಂದು ಪಿನ್ ಬಾಗುತ್ತವೆ. ತಳಕ್ಕೆ ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆ ಹಾಗೇ ಉಳಿದಿದೆಯಾ ನೋಡಿ. ನಗಬೇಡಿ, ಇದು ನಿಜಕ್ಕೂ ಆಗುತ್ತದೆ. ಹಳೆ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಸ್ಯಾನಿಟೈಸರ್ ಬೇಡ, ಎಷ್ಟೋ ಸ್ಯಾನಿಟೈಸರ್‌ಗಳಲ್ಲಿ ಗ್ಲಿಸರಿನ್ ಇರುತ್ತದೆ. ಹೊಸ ಪೇಸ್ಟ್ ನಡುವೆ ದಪ್ಪ ತೊಗರಿ ಕಾಳಿನಷ್ಟು ಸಾಕು. ಇಂಟೆಲ್ 12ನೇ ತಲೆಮಾರಿನಿಂದೀಚೆಗಿನ ಉದ್ದನೆ ಚಿಪ್ ಆದರೆ ಒಂದು ಗೆರೆ ಎಳೆಯಿರಿ. ಸ್ಕ್ರೂಗಳನ್ನು ಎದುರುಬದುರು ಮೂಲೆಯಿಂದ ಸ್ವಲ್ಪ ಸ್ವಲ್ಪವೇ ಬಿಗಿಯಿರಿ, ಒಂದನ್ನೇ ಪೂರ್ತಿ ತಿರುಗಿಸಿದರೆ ತಳ ಓರೆಯಾಗಿ ಕೂರುತ್ತದೆ. ಲಿಕ್ವಿಡ್ ಕೂಲರ್ ಇದ್ದವರು ಪಂಪ್ ತಿರುಗುತ್ತಿದೆಯಾ ಅಂತ ಬಯಾಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಮದರ್‌ಬೋರ್ಡ್ ಸೆಟ್ಟಿಂಗ್) ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಅಂತ ನೋಡಿ.

ಇಷ್ಟಾದರೂ ಬಿಸಿ ಇಳಿಯದಿದ್ದರೆ ಅಪರಾಧಿ ಒಂದೇ: ವೋಲ್ಟೇಜ್. ನನ್ನ ಪ್ರಕಾರ ಮುಕ್ಕಾಲು ಪಾಲು ತೊಂದರೆ ಇಲ್ಲೇ. ವೇಗ ನಿರ್ಧರಿಸುವ ಮಲ್ಟಿಪ್ಲೈಯರ್ ಏರಿಸಿ ವೋಲ್ಟೇಜನ್ನು ಆಟೊದಲ್ಲಿ ಬಿಟ್ಟರೆ ಮದರ್‌ಬೋರ್ಡ್ ಬೇಕಾದ್ದಕ್ಕಿಂತ ಧಾರಾಳವಾಗಿ ಕೊಡುತ್ತದೆ. ವಿದ್ಯುತ್ ಬಳಕೆ ವೇಗದ ಜೊತೆ ನೇರವಾಗಿ ಏರಿದರೆ ವೋಲ್ಟೇಜ್ ಜೊತೆ ವರ್ಗದ ಲೆಕ್ಕದಲ್ಲಿ ಏರುತ್ತದೆ. 4.8ರಿಂದ 5 ಗಿಗಾಹರ್ಟ್ಸ್‌ಗೆ ಹೋದರೆ ಸಿಗುವುದು ಶೇ 4ರಷ್ಟು ವೇಗ. ಅದಕ್ಕಾಗಿ 1.25 ವೋಲ್ಟನ್ನು 1.35 ಮಾಡಿದರೆ ವೋಲ್ಟೇಜ್ ಒಂದರಿಂದಲೇ ಸುಮಾರು ಶೇ 17ರಷ್ಟು ಜಾಸ್ತಿ ವಿದ್ಯುತ್, ಅದೆಲ್ಲ ಶಾಖವೇ. ಬೇಕಾ ಇದು?

ಹಾಗಾಗಿ ವೋಲ್ಟೇಜನ್ನು ನೀವೇ ಕೊಟ್ಟು 0.01 ವೋಲ್ಟ್‌ನಂತೆ ಇಳಿಸುತ್ತಾ ಬನ್ನಿ, ಪ್ರತಿ ಸಲ ಪರೀಕ್ಷೆ ಓಡಿಸಿ. ನೀಲಿ ಪರದೆ ಬಂತೋ, ಎಚ್‌ಡಬ್ಲ್ಯೂ ಇನ್ಫೊದಲ್ಲಿ ವೀಯಾ ಎರರ್ (ಹಾರ್ಡ್‌ವೇರ್ ತಪ್ಪಿನ ಎಚ್ಚರಿಕೆ) ಕಂಡಿತೋ, ಎರಡು ಹೆಜ್ಜೆ ಹಿಂದೆ ಬಂದು ನಿಲ್ಲಿ. ಲೋಡ್ ಲೈನ್ ಕ್ಯಾಲಿಬ್ರೇಶನ್ (ಕೆಲಸ ಹೆಚ್ಚಾದಾಗ ವೋಲ್ಟೇಜ್ ಕುಸಿಯದಂತೆ ತಡೆಯುವ ಸೆಟ್ಟಿಂಗ್) ತೀರಾ ಮೇಲಿನ ಹಂತದಲ್ಲಿದ್ದರೆ ಕೆಲಸದ ಹೊತ್ತಲ್ಲಿ ವೋಲ್ಟೇಜ್ ಮತ್ತೆ ಏರುತ್ತದೆ, ಮಧ್ಯದಲ್ಲಿಡಿ. ರೈಜನ್‌ನವರು ವೋಲ್ಟೇಜ್ ಇಳಿಸುವ ಕರ್ವ್ ಆಪ್ಟಿಮೈಜರ್‌ನಲ್ಲಿ ಮೈನಸ್ ಕೊಟ್ಟು, ಪಿಪಿಟಿ ಅನ್ನುವ ವಿದ್ಯುತ್ ಮಿತಿ ಇಳಿಸಿದರೆ ಕೆಲಸ ಮುಗಿಯಿತು.

13 ಮತ್ತು 14ನೇ ತಲೆಮಾರಿನ ಇಂಟೆಲ್ ಡೆಸ್ಕ್‌ಟಾಪ್ ಚಿಪ್ ಇದ್ದರೆ ಇದಕ್ಕೂ ಮೊದಲು ಬಯಾಸ್ ಅಪ್‌ಡೇಟ್ ಮಾಡಿ. ವಿಪರೀತ ವೋಲ್ಟೇಜ್‌ನಿಂದ ಈ ಚಿಪ್‌ಗಳು ಅಸ್ಥಿರವಾಗುತ್ತಿವೆ ಅಂತ 2024ರಲ್ಲಿ ಕಂಪನಿಯೇ ಹೇಳಿ ಹೊಸ ಮೈಕ್ರೊಕೋಡ್ (ಬಯಾಸ್ ಜೊತೆ ಬರುವ, ಚಿಪ್ಪಿನ ಒಳಗಿನ ತಂತ್ರಾಂಶ) ಕೊಟ್ಟಿದೆ. ಯುಪಿಎಸ್ ಇಲ್ಲದೆ ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಡಿ, ನಡುವೆ ಕರೆಂಟ್ ಹೋದರೆ ಮದರ್‌ಬೋರ್ಡ್ ಎದ್ದೇಳದೆ ಹೋಗಬಹುದು.

ಎಲ್ಲ ಸರಿಹೋದ ಮೇಲೆ ಬಯಾಸ್‌ನಲ್ಲಿ ಎರಡು ಪ್ರೊಫೈಲ್ ಉಳಿಸಿ. ಮಾರ್ಚ್‌ನಿಂದ ಜೂನ್‌ವರೆಗೆ 200 ಮೆಗಾಹರ್ಟ್ಸ್ ಕಡಿಮೆ ಇರುವುದು, ಉಳಿದ ತಿಂಗಳಿಗೆ ಪೂರ್ತಿ ವೇಗದ್ದು. ಬಯಾಸ್ ಅಪ್‌ಡೇಟ್ ಮಾಡಿದರೆ ಇವು ಅಳಿಸಿಹೋಗಬಹುದು, ಅದಕ್ಕೇ ಪರದೆಯ ಫೋಟೊ ಮೊಬೈಲ್‌ನಲ್ಲಿ ತೆಗೆದಿಟ್ಟುಕೊಳ್ಳಿ.