ನೀತಿ ಬೇಡ, ಕತೆ ಸಾಕು

ಯಲ್ಲಾಪುರದ ಸುತ್ತಲಿನ ಶಾಲೆಗಳಲ್ಲಿ ನಾವು ಕೆಲವು ಗೆಳೆಯರು ಸೇರಿ ಮಕ್ಕಳಿಗೆ ಕಥಾಸ್ಪರ್ಧೆ ನಡೆಸುತ್ತಾ ಬಂದಿದ್ದೇವೆ. ಮನೆಯಲ್ಲಿ ಬರೆದು ತರುವ ಪದ್ಧತಿ ಇಟ್ಟುಕೊಂಡಿಲ್ಲ. ಅಪ್ಪನೋ ಅಕ್ಕನೋ ತಿದ್ದಿಕೊಡುವ ಮನೆಯ ಮಗು ಮುಂದೆ ಹೋಗುತ್ತದೆ, ತಿದ್ದುವವರೇ ಇಲ್ಲದ ಮನೆಯದು ಹಿಂದುಳಿಯುತ್ತದೆ. ಹಾಗಾಗಿ ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ಶಾಲೆಯಲ್ಲೇ ಕೂರಿಸಿ ಬರೆಸುತ್ತೇವೆ. ಸಮಯ ಒಂದೂವರೆ ಗಂಟೆ. 5ರಿಂದ 7ನೇ ತರಗತಿಯವರದು ಒಂದು ವಿಭಾಗ, ಪ್ರೌಢಶಾಲೆಯವರದು ಇನ್ನೊಂದು. ದಸರಾ ರಜೆ ಮುಗಿದ ಕೂಡಲೇ ಮಾಡಿದರೆ ಒಳ್ಳೆಯದು. ತಡವಾದರೆ ಭತ್ತದ ಕೊಯ್ಲು, ಅದರ ಬೆನ್ನಿಗೇ ಅಡಿಕೆ ಕೊಯ್ಲು ಬಂದು ಹಾಜರಿ ಇಳಿಯುತ್ತದೆ.

ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ವಿಷಯದ ಬಗ್ಗೆ. ‘ಪರಿಸರ ಸಂರಕ್ಷಣೆ’ ಎಂದು ಕೊಟ್ಟರೆ ಪ್ರಬಂಧ ಬರುತ್ತದೆ. ಏನನ್ನೂ ಕೊಡದಿದ್ದರೆ ಒಂದಾನೊಂದು ಊರು, ಬಡ ಮರಕಡಿಯುವವನು, ಕೊನೆಯಲ್ಲಿ ಗೆರೆ ಎಳೆದು ‘ನೀತಿ’. ಮಕ್ಕಳ ತಪ್ಪಲ್ಲ, ನಾವು ಅವರಿಗೆ ಓದಿಸಿರುವುದೇ ಅದನ್ನು. ಈಗ ಮೂರು ವಿಷಯ ಕೊಟ್ಟು ಒಂದನ್ನು ಆರಿಸಲು ಹೇಳುತ್ತೇವೆ: ಬರಬೇಕಾದವರು ಬಾರದ ದಿನ, ಮನೆಯಿಂದ ಮಾರಿಹೋದದ್ದು, ಯಾರಿಗೂ ಹೇಳದೆ ಉಳಿಸಿಕೊಂಡ ಮಾತು. ನೀತಿ ಬರೆಯುವಂತಿಲ್ಲ ಎಂದು ಕಪ್ಪುಹಲಗೆಯ ಮೇಲೆ ದೊಡ್ಡದಾಗಿ ಬರೆಯುತ್ತೇವೆ.

ಏಳನೇ ತರಗತಿಯ, ಎಮ್ಮೆ ಸಾಕುವ ಗೌಳಿ ಸಮುದಾಯದ ಹುಡುಗಿಯೊಬ್ಬಳು ಎಮ್ಮೆ ಮಾರಿದ ಕತೆ ಬರೆದಿದ್ದಳು. ಅಳುವಿನ ಮಾತೇ ಅದರಲ್ಲಿರಲಿಲ್ಲ. ಕೊಂಡವನು ಎಮ್ಮೆಯನ್ನು ಹೊಡೆದುಕೊಂಡು ಹೋಗುತ್ತಾನೆ. ಸಂಜೆ ಅಜ್ಜಿ ರೂಢಿಯಂತೆ ಹಾಲಿನ ಪಾತ್ರೆ ತೊಳೆದು ಕೊಟ್ಟಿಗೆಗೆ ಹೊರಡುತ್ತಾಳೆ. ಮನೆಯವರು ಯಾರೂ ಅವಳನ್ನು ತಡೆಯುವುದಿಲ್ಲ. ಒಂದೂವರೆ ಪುಟದಲ್ಲಿ ಕಾಗುಣಿತದ ತಪ್ಪು ಸಾಲಿಗೊಂದರಂತೆ ಇತ್ತು. ಮೊದಲ ಬಹುಮಾನ ಅದಕ್ಕೇ ಬಂತು, ಮತ್ತು ಆ ತೀರ್ಪನ್ನು ನಾನು ಎಲ್ಲಿ ಬೇಕಾದರೂ ಸಮರ್ಥಿಸುತ್ತೇನೆ. ನಮ್ಮಲ್ಲಿ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಕ್ಕಳು ಮನೆಯಲ್ಲಿ ಕೊಂಕಣಿ ಆಡುತ್ತಾರೆ, ಗೌಳಿಗಳದು ಮರಾಠಿ. ಶಾಲೆಗೆ ಬಂದು ಕಲಿತ ಕನ್ನಡದಲ್ಲಿ ಕತೆ ಕಟ್ಟುವ ಮಗುವಿಗೆ ಒತ್ತಕ್ಷರ ಬಿಟ್ಟಿತೆಂದು ಅಂಕ ಕಳೆಯುವುದು ಅನ್ಯಾಯ. ಅಕ್ಷರ ದುಂಡಗಿದೆಯೇ ಎಂಬುದನ್ನೂ ನೋಡುವುದಿಲ್ಲ. ಸಂಭಾಷಣೆಯಲ್ಲಿ ಮನೆಮಾತು ಬಂದರೆ ಹಾಗೆಯೇ ಇರಲಿ.

ಹಾಳೆಯ ಮೇಲೆ ಹೆಸರು ಇರುವುದಿಲ್ಲ, ಸಂಖ್ಯೆ ಮಾತ್ರ. ಇಬ್ಬರು ಬೇರೆ ಬೇರೆಯಾಗಿ ಓದಿ ಅಂಕ ಹಾಕುತ್ತಾರೆ; ತೀರಾ ವ್ಯತ್ಯಾಸ ಬಂದರೆ ಮೂರನೆಯವರಿಗೆ ಕೊಡುತ್ತೇವೆ. ಪಕ್ಕದ ತಾಲ್ಲೂಕಿನ ಶಿಕ್ಷಕರು ಓದಿದರೆ ಪರಿಚಯದ ಅಕ್ಷರ ಎಂಬ ಮಾತೇ ಬರುವುದಿಲ್ಲ.

ಬಹುಮಾನ ನವೆಂಬರ್ 14ಕ್ಕೆ. ಫಲಕ, ಸ್ಟೀಲಿನ ತಟ್ಟೆ ಕೊಡುವುದಿಲ್ಲ, ಪುಸ್ತಕ ಕೊಡುತ್ತೇವೆ. ಬರೆದ ಪ್ರತಿ ಮಗುವಿಗೂ ಹಾಳೆ ಹಿಂದಿರುಗುತ್ತದೆ. ಅದರ ಕೆಳಗೆ ‘ಚೆನ್ನಾಗಿದೆ’ ಎಂದಷ್ಟೇ ಬರೆದು ಕೈತೊಳೆದುಕೊಳ್ಳದೆ, ಆ ಕತೆಯ ಯಾವ ಜಾಗ ಹಿಡಿಸಿತು ಎಂಬುದನ್ನು ಒಂದು ಸಾಲಿನಲ್ಲಿ ಬರೆಯುತ್ತೇವೆ. ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಇದೇ. ಆ ಸಾಲನ್ನು ಓದಿದ ಮಕ್ಕಳು ಎರಡನೇ ಕತೆ ಬರೆದು ಶಾಲೆಯ ಗೋಡೆಪತ್ರಿಕೆಗೆ ಕೊಡುತ್ತಾರೆ. ಅದಕ್ಕೆ ಬಹುಮಾನವಿಲ್ಲ, ಆದರೂ ಬರೆಯುತ್ತಾರೆ.