184ಕ್ಕೂ 185ಕ್ಕೂ ನಡುವಿನ ಒಂದು ದಾಮೆ

ಒಸಾಕಾದಲ್ಲಿ ನಾಲ್ಕು ವರ್ಷ ಜಪಾನಿ ಎಣಿಕೆಯಲ್ಲೇ ಗೋ (ಕಪ್ಪು ಬಿಳಿ ಕಾಯಿಗಳಿಂದ ಮಣೆಯ ಮೇಲೆ ನೆಲ ಸುತ್ತುವರಿಯುವ ಆಟ) ಆಡಿ ಪಳಗಿದ್ದ ನಾನು ಕೆಲಸದ ನಿಮಿತ್ತ ಶಾಂಘೈಗೆ ಬಂದಾಗ, ಎಣಿಸುವ ರೀತಿ ಬದಲಾದರೂ (ಚೀನಾದಲ್ಲಿ ನೆಲದ ಜೊತೆ ಸೆರೆಕಾಯಿಗಳ ಬದಲು ಮಣೆಯ ಮೇಲಿನ ಕಾಯಿಗಳನ್ನು ಎಣಿಸುತ್ತಾರೆ) ಆಟ ಬದಲಾಗದು ಎಂದೇ ನಂಬಿದ್ದೆ. ಜೊತೆಗೆ ಆಡುವವರೂ ಅದನ್ನೇ ಹೇಳುತ್ತಿದ್ದರು. ಮೊದಲ ತಿಂಗಳಲ್ಲೇ ಒಂದು ಸ್ಪರ್ಧೆಯಲ್ಲಿ ಆ ನಂಬಿಕೆ ಮುರಿದುಬಿತ್ತು.

ನನ್ನದು ಕಪ್ಪು. ಯೋಸೆ, ಅಂದರೆ ಗಡಿಗಳನ್ನು ಮುಚ್ಚುವ ಕೊನೆಯ ಹಂತ, ಮುಗಿಯುತ್ತ ಬಂದಾಗ ರೂಢಿಯಂತೆ ನೆಲವನ್ನೂ ಸೆರೆಕಾಯಿಗಳನ್ನೂ ಎಣಿಸಿದರೆ ನಾನು 8 ಅಂಕ ಮುಂದಿದ್ದೆ, ಎರಡನೆಯವರಾಗಿ ಆಡುವ ಬಿಳಿಗೆ ಪರಿಹಾರವಾಗಿ ಕೊಡುವ ಅಂಕ, ಅಂದರೆ ಕೋಮಿ, 7.5 ಕಳೆದರೂ ಅರ್ಧ ಅಂಕದ ಗೆಲುವು. ಮಣೆಯ ಮೇಲೆ ಉಳಿದದ್ದು ಒಂದು ದಾಮೆ (ಯಾರ ನೆಲಕ್ಕೂ ಸೇರದ ಖಾಲಿ ಮನೆ) ಮತ್ತು ಬಿಳಿ ತುಂಬಿಕೊಳ್ಳಬೇಕಾದ ಒಂದು ಅರ್ಧ ಅಂಕದ ಕೋ (ಒಂದೊಂದೇ ಕಾಯಿಯನ್ನು ಇಬ್ಬರೂ ಮತ್ತೆ ಮತ್ತೆ ಹೊಡೆಯಬಹುದಾದ ಜಾಗ; ಕಾಯಿ ಕಳೆದುಕೊಂಡವರು ಬೇರೆಡೆ ಒಂದು ನಡೆ ಆಡಿದ ಮೇಲಷ್ಟೇ ತಿರುಗಿ ಹೊಡೆಯಬಹುದು, ಅದಕ್ಕಾಗಿ ಆಡುವುದೇ ಕೋ ಬೆದರಿಕೆ). ಎದುರಾಳಿ ಕೋ ತುಂಬದೆ ದಾಮೆಯ ಮೇಲೆ ಕಾಯಿಯಿಟ್ಟರು. ನಾನು ಕೋ ಹೊಡೆದೆ. ಅವರು ಮೂಲೆಯಲ್ಲಿ ಒಂದು ಅತಾರಿ (ಮುಂದಿನ ನಡೆಗೆ ಸೆರೆಹಿಡಿಯುವ ಬೆದರಿಕೆ) ಕೊಟ್ಟು, ನಾನು ಉತ್ತರಿಸಿದ ಮೇಲೆ ಕೋವನ್ನು ಮತ್ತೆ ಹೊಡೆದರು. ನನ್ನ ಬೆದರಿಕೆಗಳನ್ನೆಲ್ಲ ಸೆಂತೆ, ಅಂದರೆ ಎದುರಾಳಿ ಉತ್ತರಿಸಲೇಬೇಕಾದ ನಡೆಗಳು, ಎಂದುಕೊಂಡು ಮೊದಲೇ ಆಡಿ ಮುಗಿಸಿದ್ದರಿಂದ ಕೈಯಲ್ಲಿ ಒಂದೂ ಇರಲಿಲ್ಲ; ತುಂಬಲು ದಾಮೆಯೂ ಇರಲಿಲ್ಲ. ನಾನು ಪಾಸ್ ಹೇಳಿದೆ, ಅವರು ನಿಧಾನವಾಗಿ ಕೋ ತುಂಬಿದರು. ತೀರ್ಪುಗಾರರು ಕಪ್ಪಿನ ನೆಲವನ್ನು ಹತ್ತುಹತ್ತು ಮನೆಗಳ ಕಟ್ಟುಗಳಾಗಿ ಸರಿಪಡಿಸಿ, ನನ್ನ ಕಾಯಿಗಳನ್ನು ಹತ್ತರ ಗುಡ್ಡೆಗಳಾಗಿ ಇಟ್ಟು ಎಣಿಸಿದಾಗ ಬಂದದ್ದು 184. ಮಣೆಯಲ್ಲಿರುವುದು 361 ಮನೆ, 7.5 ಕೋಮಿಯಲ್ಲಿ ಕಪ್ಪು ಗೆಲ್ಲಲು 185 ಬೇಕು.

ಆಮೇಲೆ ಒಬ್ಬ ಶಿಕ್ಷಕರಲ್ಲಿ ಗಂಟೆಗೆ 200 ಯುವಾನಿನಂತೆ ಹತ್ತು ಹನ್ನೆರಡು ಪಾಠ ಹೇಳಿಸಿಕೊಂಡೆ; ನಮ್ಮ ಲೆಕ್ಕದಲ್ಲಿ ಸುಮಾರು 25,000 ರೂಪಾಯಿ. ಜಪಾನಿ ಎಣಿಕೆಯನ್ನು ಪೂರ್ತಿ ಮರೆತು ಕಾಯಿಯನ್ನೂ ನೆಲವನ್ನೂ ಸೇರಿಸಿಯೇ ಎಣಿಸಬೇಕು ಎಂಬುದು ಅವರ ಪಟ್ಟು. ಮೂರು ತಿಂಗಳು ಹಾಗೆಯೇ ಮಾಡಿದೆ. ಆಟದ ನಡುವೆ ನೂರಕ್ಕೂ ಹೆಚ್ಚು ಮನೆಗಳನ್ನು ಎಣಿಸುವಷ್ಟರಲ್ಲಿ ಗಡಿಯಾರ ಕೈಕೊಡುತ್ತಿತ್ತು. ಗೆಲ್ಲಬಹುದಾಗಿದ್ದ ಐದಾರು ಆಟಗಳನ್ನು ಸಮಯದಲ್ಲೇ ಕಳೆದುಕೊಂಡೆ.

ಕೊನೆಗೆ ನಾನು ಹಿಡಿದ ದಾರಿ ಬೇರೆ. ಎಣಿಕೆಯನ್ನು ಜಪಾನಿ ರೀತಿಯಲ್ಲೇ ಮಾಡುವುದು, ಅದರ ಮೇಲೆ ಕಪ್ಪು ಬಿಳಿಗಿಂತ ಎಷ್ಟು ಕಾಯಿ ಹೆಚ್ಚು ಇಟ್ಟಿದೆ ಎಂಬುದನ್ನು ಮಾತ್ರ ಸೇರಿಸುವುದು. ಕೊನೆಯ ದಾಮೆ ಕಪ್ಪಿಗೆ ಸಿಕ್ಕರೆ ಒಂದು ಸೇರುತ್ತದೆ, ಬಿಳಿಗೆ ಸಿಕ್ಕರೆ ಏನೂ ಸೇರುವುದಿಲ್ಲ. 361 ಬೆಸ ಸಂಖ್ಯೆಯಾದ್ದರಿಂದ, ಸೆಕಿ (ಇಬ್ಬರೂ ಕಾಯಿಯಿಡಲಾಗದೆ ಹಾಗೆಯೇ ಉಳಿಯುವ ಜಾಗ) ಇಲ್ಲದ ಆಟದಲ್ಲಿ ಚೀನೀ ಅಂತರ ಯಾವಾಗಲೂ ಬೆಸವಾಗಿಯೇ ಬರುತ್ತದೆ: 5, 7, 9. ಹೀಗಾಗಿ ಜಪಾನಿನ 6.5 ಕೋಮಿಗೂ ಚೀನಾದ 7.5 ಕೋಮಿಗೂ ಫಲಿತಾಂಶ ಬೇರೆಯಾಗುವುದು ಕಪ್ಪು ಸರಿಯಾಗಿ 7 ಮುಂದಿದ್ದು ಕೊನೆಯ ದಾಮೆ ಬಿಳಿಗೆ ಹೋದಾಗ, ಇಲ್ಲವೇ ನನಗಾದಂತೆ ಕೊನೆಯ ಕೋದಿಂದ ಸರದಿ ತಿರುಗಿದಾಗ. 9 ಆಗಬೇಕಿದ್ದ ನನ್ನ ಅಂತರ ಆ ದಿನ 7ಕ್ಕೆ ಇಳಿದದ್ದು ಹಾಗೆಯೇ.

ಆದ್ದರಿಂದ ಎಣಿಕೆ 6, 7, 8ರ ಆಸುಪಾಸಿಗೆ ಬಂದರೆ ಮಾತ್ರ ನಾನು ಎಚ್ಚರಗೊಳ್ಳುತ್ತೇನೆ, ಮತ್ತು ಅಂಥ ಆಟದಲ್ಲಿ ಕೋ ಬೆದರಿಕೆಯಾಗಬಲ್ಲ ಅತಾರಿಗಳನ್ನು ಕೊನೆಯವರೆಗೂ ಮುಟ್ಟುವುದಿಲ್ಲ. ದಾಮೆಗಳು ರೂಪುಗೊಳ್ಳುವ ಮೊದಲೇ ಅವು ಸಮವೋ ಬೆಸವೋ ಎಂದು ಊಹಿಸಲು ನನ್ನದೊಂದು ಗುರುತಿದೆ. ಇನ್ನೂ ಸ್ಪರ್ಧೆಗಳಲ್ಲಿ ಆಡುತ್ತಿರುವುದರಿಂದ ಅದನ್ನು ಇಲ್ಲಿ ಬರೆಯಲಾರೆ.

ಸರಿಯಾಗಿ 7 ಬರುವುದು ಎಷ್ಟು ಆಟಗಳಲ್ಲಿ ಎಂದು ಗೆಳೆಯರು ಅನುಮಾನದಿಂದ ಕೇಳಿದರು. ನನ್ನ ಅಂದಾಜಿನಲ್ಲಿ ಹದಿನೈದು ಇಪ್ಪತ್ತು ಆಟಕ್ಕೊಮ್ಮೆ ಇಂಥ ಸ್ಥಿತಿ ಎದುರಾಗುತ್ತದೆ. ಸುಮಾರು 40,000 ರೂಪಾಯಿಯ ಗ್ರಾಫಿಕ್ಸ್ ಕಾರ್ಡ್ ಕೊಂಡು ಗೋ ಆಡುವ ಕಂಪ್ಯೂಟರ್ ಪ್ರೋಗ್ರಾಂ ಕಟಾಗೋದಲ್ಲಿ ಒಂದೇ ಸ್ಥಿತಿಯನ್ನು ಎರಡೂ ನಿಯಮಗಳಲ್ಲಿ ಇಟ್ಟು ನೋಡಿದೆ: ಜಪಾನಿ ನಿಯಮದಲ್ಲಿ ಬೆಲೆಯಿಲ್ಲದ ದಾಮೆಯನ್ನು ಚೀನೀ ನಿಯಮದಲ್ಲಿ ಅದು ಕೋ ತುಂಬುವುದಕ್ಕಿಂತ ಮೊದಲು ಹಿಡಿಯಿತು. ಜಪಾನಿನಲ್ಲೂ ಇದು ಹೊಸ ಪ್ರಶ್ನೆಯಲ್ಲ. 1959ರಲ್ಲಿ ವೃತ್ತಿಪರ ಆಟಗಾರರಾದ ಗೋ ಸೇಗೆನ್ ಮತ್ತು ತಕಾಗಾವಾ ಅವರ ಆಟದಲ್ಲಿ ಬೆದರಿಕೆ ಹೆಚ್ಚಿರುವವರು ಕೊನೆಯ ಕೋವನ್ನು ತುಂಬಲೇಬೇಕೆ ಎಂಬುದೇ ವಿವಾದವಾಗಿತ್ತು.

ಕಳೆದ ಚಳಿಗಾಲದಲ್ಲಿ ಕಪ್ಪು ಹಿಡಿದು 7 ಮುಂದಿದ್ದೆ. ಒಂದು ದಾಮೆ, ನಾನು ತುಂಬಬೇಕಾದ ಒಂದು ಕೋ, ಮತ್ತು ಜೋಪಾನ ಮಾಡಿದ್ದ ಎರಡು ಬೆದರಿಕೆ. ದಾಮೆ ಹಿಡಿದೆ. ಬಿಳಿ ಕೋ ಹೊಡೆಯಿತು, ನಾನು ಬೆದರಿಸಿ ಮತ್ತೆ ಹೊಡೆದೆ, ಅವರು ಪಾಸ್ ಹೇಳಿದರು. ಎಣಿಕೆ 185. ಅಂದಿನಿಂದ ಇಂಥ ಹತ್ತು ಹನ್ನೆರಡು ಆಟಗಳಲ್ಲಿ ಎಂಟನ್ನಾದರೂ ಗೆದ್ದಿದ್ದೇನೆ. ಅನುಮಾನಿಸಿದ ಗೆಳೆಯರಲ್ಲಿ ಇಬ್ಬರು ಈಗ ಹೀಗೆಯೇ ಎಣಿಸುತ್ತಾರೆ.

ಈ ಅಭ್ಯಾಸದಿಂದ ಒಂದು ನಷ್ಟವೂ ಆಯಿತು. ರಜೆಯಲ್ಲಿ ಒಸಾಕಾಗೆ ಹೋದಾಗ, ಚೀನೀ ಎಣಿಕೆಯಲ್ಲಿ ದಾಮೆ ಮುಗಿದ ಮೇಲೆ ಪುಕ್ಕಟೆಯಾಗುವ ಕಾವಲಿನ ಕಾಯಿಯೊಂದನ್ನು ನನ್ನದೇ ನೆಲದೊಳಗೆ ಇಟ್ಟು, ಒಂದು ಅಂಕ ಕಳೆದುಕೊಂಡು ಅರ್ಧ ಅಂಕದಿಂದ ಸೋತೆ.

ಈಗ 9×9 ಮಣೆಯಲ್ಲಿ ಗುಂಡಿ (ಬಟನ್) ಗೋ ಆಡಿ ನೋಡುತ್ತಿದ್ದೇನೆ: ಚೀನೀ ಎಣಿಕೆಯೇ, ಆದರೆ ತನ್ನ ಸರದಿಯಲ್ಲಿ ಕಾಯಿಯಿಡುವ ಬದಲು ಗುಂಡಿಯನ್ನು ಮೊದಲು ಎತ್ತಿಕೊಂಡವರಿಗೆ ಅರ್ಧ ಅಂಕ. ಇಪ್ಪತ್ತು ಮೂವತ್ತು ಆಟಗಳಾದವು. ಕೊನೆಯ ದಾಮೆ ಕೈತಪ್ಪಿದವರು ಗುಂಡಿ ಎತ್ತಿಕೊಳ್ಳುವುದರಿಂದ ಸರದಿಯ ಅದೃಷ್ಟ ಬಹುಮಟ್ಟಿಗೆ ಇಲ್ಲವಾಗುತ್ತಿದೆ.