ಹಾಸ್ಟೆಲ್ ಮಕ್ಕಳ ತಲೆಹೇನು: ನಾವು ನಿವಾರಿಸುವ ಬಗೆ

ಮಧುಗಿರಿ ತಾಲ್ಲೂಕಿನ ಬಾಲಕಿಯರ ವಿದ್ಯಾರ್ಥಿನಿಲಯವೊಂದರಲ್ಲಿ ಮೇಲ್ವಿಚಾರಕಿಯಾಗಿರುವ ನನಗೆ ದಸರಾ ರಜೆ ಮುಗಿದ ಕೂಡಲೇ ಎದುರಾಗುವ ಕೆಲಸವೆಂದರೆ ಮಕ್ಕಳ ತಲೆ ನೋಡುವುದು. ಕೆರೆದುಕೊಳ್ಳುವ ಹುಡುಗಿಯೊಬ್ಬಳಿಗೆ ಔಷಧಿ ಹಚ್ಚಿ ಸುಮ್ಮನಾಗುವುದು ಸಾಮಾನ್ಯ ರೂಢಿಯಾದರೂ, ಅದರಿಂದ ಹಾಸ್ಟೆಲಿನ ಹೇನು ಹೋಗುವುದಿಲ್ಲ. ಮೊದಲ ಬಾರಿ ಹೇನು ಹತ್ತಿದವರಿಗೆ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಹಿಡಿಯಬಹುದಾದ್ದರಿಂದ, ಒಬ್ಬಳು ಕೆರೆದುಕೊಳ್ಳುವ ಹೊತ್ತಿಗೆ ಪಕ್ಕದಲ್ಲಿ ಮಲಗುವವರಿಗೂ ಅದು ದಾಟಿರುತ್ತದೆ. ಹಾಗಾಗಿ ಕೋಣೆಯ ಎಲ್ಲರನ್ನೂ ಒಂದೇ ದಿನ ಪರೀಕ್ಷಿಸಿ, ಹೇನು ಕಂಡವರೆಲ್ಲರಿಗೂ ಅದೇ ದಿನ ಔಷಧಿ ಹಾಕುವುದನ್ನು ನಾವು ನಿಯಮ ಮಾಡಿಕೊಂಡಿದ್ದೇವೆ.

ಹೇನಿಗೆ ರೆಕ್ಕೆಯೂ ಇಲ್ಲ, ನೆಗೆಯುವ ಶಕ್ತಿಯೂ ಇಲ್ಲ. ಎಳ್ಳುಕಾಳಿನಷ್ಟು, ಅಂದರೆ 2ರಿಂದ 3 ಮಿಲಿಮೀಟರ್ ಉದ್ದವಿರುವ ಇದು ಕಾಲಿನ ಕೊಕ್ಕೆಗಳಿಂದ ಕೂದಲನ್ನು ಹಿಡಿದು, ತಲೆಗೆ ತಲೆ ತಾಗಿದಾಗ ಆಚೆಗೆ ನಡೆದುಹೋಗುತ್ತದೆ. ಚಾಪೆಗಳನ್ನು ಒತ್ತೊತ್ತಾಗಿ ಹಾಸಿ ಮಲಗುವ, ಒಂದೇ ಪುಸ್ತಕದ ಮೇಲೆ ಇಬ್ಬರು ಬಗ್ಗುವ ಮಕ್ಕಳಲ್ಲಿ ಇದಕ್ಕೆ ಅವಕಾಶ ಹೆಚ್ಚು. ತಲೆಯಿಂದ ಬಿದ್ದ ಹೇನು ರಕ್ತ ಸಿಗದೆ ಒಂದೆರಡು ದಿನಗಳಲ್ಲಿ ಸಾಯುವುದರಿಂದ ದಿಂಬು, ರಿಬ್ಬನ್, ಬಾಚಣಿಗೆಗಳ ಮೂಲಕ ಹರಡುವುದು ಕಡಿಮೆ. ಕೊಳಕಿಗೂ ಇದಕ್ಕೂ ಸಂಬಂಧವಿಲ್ಲ. ಆದಕಾರಣ ಹೇನಿರುವ ಹುಡುಗಿಯನ್ನು ಹೀಯಾಳಿಸುವುದನ್ನು ನಾನು ಸಹಿಸುವುದಿಲ್ಲ.

ಒಣ ತಲೆಯಲ್ಲಿ ಹೇನು ಸರಸರನೆ ಹರಿದು ಮರೆಯಾಗುತ್ತದೆ. ಕೂದಲನ್ನು ಒದ್ದೆ ಮಾಡಿ ಧಾರಾಳವಾಗಿ ಕಂಡೀಷನರ್ ಸವರಿದರೆ ಅದು ಬೇಗ ಚಲಿಸಲಾರದು. ಬಿಸಿಲು ಚೆನ್ನಾಗಿ ಬೀಳುವ ಜಗಲಿಯಲ್ಲಿ ಕೂರಿಸಿ, ಕೂದಲನ್ನು ನಾಲ್ಕು ಪಾಲು ಮಾಡಿ, ಸೀರಣಿಗೆಯ ಹಲ್ಲುಗಳನ್ನು ನೆತ್ತಿಯ ಚರ್ಮಕ್ಕೆ ತಾಗಿಸಿ ತುದಿಯವರೆಗೆ ಎಳೆದು, ಪ್ರತಿ ಸಲವೂ ಬಿಳಿ ಬಟ್ಟೆಗೆ ಒರೆಸುತ್ತೇವೆ. ಕಿವಿಯ ಹಿಂದೆ ಮತ್ತು ಕತ್ತಿನ ಮೇಲ್ಭಾಗದಲ್ಲಿ ನಿಧಾನವಾಗಿ ಹುಡುಕಬೇಕು. ಬಟ್ಟೆಯ ಮೇಲೆ ಕಾಲಾಡಿಸುವ ಹೇನು ಕಂಡರೆ ಮಾತ್ರ ಔಷಧಿ. ತಲೆಹೊಟ್ಟು ಊದಿದರೆ ಉದುರುತ್ತದೆ. ಹೇನಿನ ಮೊಟ್ಟೆಯಾದ ಸೀರು ಕೂದಲಿನ ಒಂದು ಮಗ್ಗುಲಿಗೆ ಅಂಟಿಕೊಂಡಿದ್ದು, ಎರಡು ಉಗುರುಗಳ ನಡುವೆ ಹಿಡಿದು ಎಳೆದರಷ್ಟೇ ಬರುತ್ತದೆ. ಜೀವವಿರುವ ಸೀರು ಸಾಮಾನ್ಯವಾಗಿ ನೆತ್ತಿಯಿಂದ 6 ಮಿಲಿಮೀಟರ್ ಒಳಗೇ ಇರುತ್ತದೆ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುವುದರಿಂದ, ಎರಡು ಸೆಂಟಿಮೀಟರ್ ಆಚೆಗೆ ಬೆಳ್ಳಗೆ ಕಾಣುವುದು ಎಂದೋ ಒಡೆದ ಬರಿಯ ಚಿಪ್ಪು. ಅದಕ್ಕಾಗಿ ಮತ್ತೆ ಔಷಧಿ ಸುರಿಯುವುದು ದಂಡ.

ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಸಲಹೆಯಂತೆ ನಾವು ಬಳಸುವುದು ಶೇಕಡಾ 1ರ ಪರ್ಮೆಥ್ರಿನ್ ಲೋಷನ್. ಕಜ್ಜಿಗೆ ಕೊಡುವ ಶೇಕಡಾ 5ರ ಮುಲಾಮು ಬೇರೆಯದಾದ್ದರಿಂದ ಅಂಗಡಿಯಲ್ಲೇ ಚೀಟಿ ಓದಿ ತರಬೇಕು. ಕಂಡೀಷನರ್ ಅಥವಾ ಕೊಬ್ಬರಿ ಎಣ್ಣೆಯ ಜಿಡ್ಡಿದ್ದರೆ ಔಷಧಿ ಸರಿಯಾಗಿ ಹತ್ತುವುದಿಲ್ಲ. ಬರಿಯ ಶಾಂಪೂವಿನಿಂದ ತೊಳೆದು, ಟವೆಲಿನಿಂದ ಒರೆಸಿದ ಕೂದಲಿಗೆ ಬುಡದವರೆಗೂ ಹಚ್ಚಿ, 10 ನಿಮಿಷ ಬಿಟ್ಟು, ತಲೆ ಬಗ್ಗಿಸಿ ನೀರು ಹಾಕಬೇಕು. ಸೀರಿಗೆ ಈ ಔಷಧಿ ಅಷ್ಟಾಗಿ ತಟ್ಟುವುದಿಲ್ಲ. ಉಳಿದ ಸೀರು ಏಳರಿಂದ ಹತ್ತು ದಿನಗಳಲ್ಲಿ ಒಡೆದು ಮರಿಯಾಗುವುದರಿಂದ, ಆ ಮರಿಗಳು ಬೆಳೆದು ಮೊಟ್ಟೆಯಿಡುವ ಮೊದಲು, ಒಂಬತ್ತನೆಯ ದಿನದ ಸುಮಾರಿಗೆ ಎರಡನೆಯ ಸುತ್ತು ಆಗಲೇಬೇಕು. ತುರಿಕೆ ನಿಂತಿದೆಯೆಂದು ಈ ಸುತ್ತನ್ನು ಬಿಡುವವರೇ ಹೆಚ್ಚು. ನನ್ನ ಪ್ರಕಾರ ಹೇನು ಮರುಕಳಿಸುವುದಕ್ಕೆ ಮುಖ್ಯ ಕಾರಣ ಇದೇ. ಎರಡು ಸುತ್ತಿನ ನಡುವೆ ಮೂರು ನಾಲ್ಕು ದಿನಕ್ಕೊಮ್ಮೆ ಸೀರಣಿಗೆ ಎಳೆಯುತ್ತೇವೆ. ಸೀರಣಿಗೆಗೆ ಒಗ್ಗದ ಚಿಕ್ಕ ಮಕ್ಕಳು ಅಳುತ್ತಾರೆ, ನಿಜ.

ಗುಡ್ಡಗಳಲ್ಲಿ ಸೀತಾಫಲ ಬೆಳೆಯುವ ನಮ್ಮ ಸೀಮೆಯಲ್ಲಿ ಅದರ ಬೀಜವನ್ನು ಕುಟ್ಟಿ, ಎಣ್ಣೆಯಲ್ಲಿ ಕಲಸಿ ತಲೆಗೆ ಹಚ್ಚುವ ಪದ್ಧತಿ ಇನ್ನೂ ಇದೆ. ಬೀಜದಲ್ಲಿ ಕೀಟವನ್ನು ಕೊಲ್ಲುವ ಅಂಶವಿರುವುದು ಸತ್ಯವೇ, ಆದರೆ ಅದೇ ಪುಡಿ ಕಣ್ಣಿಗೆ ಬಿದ್ದರೆ ಕಾರ್ನಿಯಾದ ಮೇಲ್ಪದರವನ್ನು ಹಾಳು ಮಾಡುತ್ತದೆ. ಮನೆಯಲ್ಲಿ ಇದನ್ನು ಹಚ್ಚಿಸಿಕೊಂಡ ಹುಡುಗಿಯೊಬ್ಬಳು ರೆಪ್ಪೆ ಊದಿ, ಬೆಳಕು ನೋಡಲಾಗದೆ, ನೀರು ಸುರಿಸುತ್ತ ಹಾಸ್ಟೆಲಿಗೆ ಬಂದಿದ್ದಳು. ಕಣ್ಣನ್ನು ಹರಿಯುವ ನೀರಿನಲ್ಲಿ ಬಹಳ ಹೊತ್ತು ತೊಳೆಸಿ, ಅಂದೇ ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ದೆವು. ಸೀಮೆಎಣ್ಣೆ, ಬೆಳೆಗೆ ಸಿಂಪಡಿಸುವ ಔಷಧಿಗಳ ಮಾತಂತೂ ಬೇಡವೇ ಬೇಡ. ಒಂದು ಬೆಂಕಿಯ ಅಪಾಯ, ಇನ್ನೊಂದು ವಿಷ.

ಔಷಧಿ ಹಚ್ಚುವ ಹಿಂದಿನ ಎರಡು ದಿನಗಳಲ್ಲಿ ಬಳಸಿದ ದಿಂಬಿನ ಚೀಲ, ಟವೆಲ್, ರಿಬ್ಬನ್ನುಗಳನ್ನು ಬಿಸಿನೀರಿನಲ್ಲಿ ನೆನೆಸಿ ಒಗೆದರೆ ಸಾಕು, ಕೋಣೆಗೆ ಕೀಟನಾಶಕ ಸಿಂಪಡಿಸಬೇಕಿಲ್ಲ. ಸರಿಯಾಗಿ ಹಚ್ಚಿದರೂ ಮರುದಿನ ಹೇನು ಮೊದಲಿನಷ್ಟೇ ಚುರುಕಾಗಿ ಓಡಾಡುತ್ತಿದ್ದರೆ, ಅದು ಔಷಧಿಗೆ ಒಗ್ಗಿಹೋಗಿರಬಹುದು. ಆಗ ಅದನ್ನೇ ಮತ್ತೆ ಮತ್ತೆ ಹಚ್ಚದೆ ವೈದ್ಯರನ್ನು ಕಾಣುತ್ತೇವೆ. ಅವರು ಕೆಲವೊಮ್ಮೆ ಐವರ್ಮೆಕ್ಟಿನ್ ಮಾತ್ರೆಯನ್ನು ಮಗುವಿನ ತೂಕ ನೋಡಿ ಬರೆದುಕೊಡುತ್ತಾರೆ. 15 ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ ಅದನ್ನು ಕೊಡುವುದಿಲ್ಲವಾದ್ದರಿಂದ, ಊರಿನಲ್ಲಿರುವ ಪುಟ್ಟ ತಮ್ಮ ತಂಗಿಯರಿಗೂ ಅದೇ ಮಾತ್ರೆ ಹಂಚಬಾರದೆಂದು ಪೋಷಕರಿಗೆ ಫೋನ್ ಮಾಡಿ ತಿಳಿಸುತ್ತೇನೆ.